ಪರೀಕ್ಷಾ ಕೊಠಡಿಯಿಂದ ಹೊರಬಿದ್ದ ನಮ್ಮ ಯಜಮಾನರು

“ರೂಮಿನಲ್ಲಿ ಇನ್ನೊಂದು ಮುಖ ಕಾಣುತ್ತಿದೆ. ಐದು ನಿಮಿಷದಲ್ಲಿ ಅವರು ಹೊರಗೆ ಹೋಗದಿದ್ದರೆ ಎಕ್ಸಾಮ್ ಕ್ಯಾನ್ಸಲ್!” ಎಂದು ಲ್ಯಾಪ್‌ಟಾಪಿನೊಳಗಿಂದ ಮೇಲ್ವಿಚಾರಕ ಇಂಗ್ಲಿಷಿನಲ್ಲಿ ಗದರಿದ.

ನನ್ನನ್ನು ನಾನಿ, ಅಂದರೆ ಅಜ್ಜಿ, ಎಂದೇ ಕರೆಯುವ ಪರಿಚಯದ ಹುಡುಗಿ ನಾಜಿಯಾ ಗಾಬರಿಯಾದಳು. ಬೀದರಿನ ಗಾಂಧಿ ಗಂಜ್ ಬಳಿಯ ಅವಳ ಮನೆಯಲ್ಲಿ ಲಾರಿಗಳ ಗದ್ದಲವೆಂದು ಆನ್‌ಲೈನ್ ಪರೀಕ್ಷೆ ಬರೆಯಲು ನಮ್ಮ ಮನೆಗೆ ಬಂದಿದ್ದಳು. ಡಿಗ್ರಿ ಮುಗಿದು ವರ್ಷವಾಗಿತ್ತು. ಈ ಸರ್ಟಿಫಿಕೇಟ್ ಇಲ್ಲದೆ ಸೈಬರ್ ಸೆಕ್ಯುರಿಟಿ ಕೆಲಸಕ್ಕೆ ಯಾರೂ ಇಂಟರ್‌ವ್ಯೂಗೂ ಕರೆಯುತ್ತಿರಲಿಲ್ಲ.

“ನಾನಿ, ಕ್ಯಾಮೆರಾದಾಗ ಅಜ್ಜಾರು ಕಾಣಲತ್ತಾರರಿ!” ಎಂದಳು. ಅವಳ ಬೆನ್ನ ಹಿಂದಿನ ಗೋಡೆಯಲ್ಲಿ ನಮ್ಮ ಯಜಮಾನರ ದೊಡ್ಡ ಫೋಟೋ ಮಾಲೆ ಹಾಕಿಕೊಂಡು ನಗುತ್ತಿತ್ತು.

ನಾನು ಕಾನ್ವೆಂಟ್ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ, “ಯಂಗ್ ಮ್ಯಾನ್, ಹಿ ಈಸ್ ಮೈ ಹಸ್ಬೆಂಡ್. ಹಿ ಡೈಡ್ ನೈನ್ ಇಯರ್ಸ್ ಎಗೋ,” ಎಂದೆ.

“ಸಾರಿ ಮ್ಯಾಮ್, ಸ್ಟಿಲ್ ಹಿ ಹ್ಯಾಸ್ ಟು ಲೀವ್,” ಎಂದ.

“ಏಳ್ರಿ, ಹುಡುಗಿ ಪರೀಕ್ಷಾ ಅದ,” ಎನ್ನುತ್ತ ಅವರನ್ನು ತಬ್ಬಿ ಹೊತ್ತು ತಂದು, ವರಾಂಡದ ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ಕೂತೆ. ತರಕಾರಿ ಮಾರುವ ಶಾಂತಮ್ಮ ಗೇಟಿನ ಬಳಿ ನಿಂತು, “ಇವತ್ತ ಸಾಹೇಬರ ಪುಣ್ಯತಿಥಿ ಏನ್ರಿ ಬಾಯಿ?” ಎಂದಳು.

“ಇಲ್ಲವ್ವ, ಕಾಪಿ ಹೊಡಸ್ತಾರಂತ ಹೊರಗ ಹಾಕ್ಯಾರ,” ಎಂದೆ. ಅವಳು ಸೊಪ್ಪಿನ ಬುಟ್ಟಿ ಇಳಿಸಿ ನಕ್ಕಳು.

ಎರಡು ಗಂಟೆಯ ಬಳಿಕ ನಾಜಿಯಾ “ಪಾಸಾದ್ನಿರಿ!” ಎಂದು ಕೂಗುತ್ತ ಓಡಿಬಂದು, ಫೋಟೋ ಒಳಗೊಯ್ಯಲು ಕೈ ಹಾಕಿದಳು. ಸ್ವಲ್ಪ ಹೊತ್ತು ಇರಲಿ ಬಿಡು ಎಂದೆ. ಅವರು ಬದುಕಿದ್ದಾಗ ಕೂಡ ನಾವಿಬ್ಬರೂ ಎರಡು ಗಂಟೆ ಹೀಗೆ ಸುಮ್ಮನೆ ಜೊತೆಗೆ ಕೂತದ್ದು ನನಗೆ ನೆನಪಿಲ್ಲ.