ಲಾರ್ಟರ್ ಹುಲ್ಲುಗಾವಲಿನ ಉಂಗುರ

ಆ ವಾರದ ಮೊದಲೆರಡು ದಿನ ಡೆಸ್ಮಂಡ್ ಥರ್ಟಲ್ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಟೋಸ್ಟಿಗೆ ಬೆಣ್ಣೆ ಸವರಿ ತಿನ್ನದೆ ಎದ್ದುಬಿಡುವನು. ಟೀ ತಣ್ಣಗಾಗಿ ಕೆನೆ ಕಟ್ಟುವುದು. ಅರವತ್ತಾರರ ನಿವೃತ್ತ ಪೋಸ್ಟ್‌ಮನ್, ಮಂಡಿ ನೋವಿನ ಮನುಷ್ಯ, ಕಿಟಕಿಗೂ ಬಾಗಿಲಿಗೂ ಅಲೆಯುತ್ತಿದ್ದರೆ ಹೆಂಡತಿ ಜಾಯ್ಸ್‌ಗೆ ರೇಗದೆ ಇರುತ್ತದೆಯೇ?

"ಕಾಲಿಗೆ ಚಕ್ರ ಕಟ್ಕೊಂಡಿದ್ದೀಯಾ? ಕೂತ್ಕೋ ಮಾರಾಯ, ನೋಡಿ ನೋಡಿ ನನಗೇ ತಲೆ ಸುತ್ತುತ್ತೆ."

"ಬರೋ ಸೋಮವಾರ ಬುಲ್ಡೋಜರ್ ಬರುತ್ತೆ ಕಣೆ. ಲಾರ್ಟರ್ ಹುಲ್ಲುಗಾವಲಲ್ಲಿ ಮೂವತ್ತು ಮನೆ ಏಳುತ್ತಂತೆ."

"ಏಳಲಿ ಬಿಡು. ನಲವತ್ತೊಂದು ವರ್ಷದಿಂದ ನೀನು ಆ ಕಡೆ ತಲೆ ಹಾಕಿಯೂ ಮಲಗಿಲ್ಲ."

ತಲೆ ಹಾಕುವುದು ಹೇಗೆ? ಆ ಹುಲ್ಲುಗಾವಲಿನ ಗೇಟಿನಲ್ಲೇ ಅವನಿಗೆ ಕಳ್ಳನೆಂಬ ಹೆಸರು ಬಂದದ್ದು.

ಎಪ್ಪತ್ತೈದನೇ ಇಸವಿ. ನಾರ್ಫಕ್‌ನ ಆ ಊರಿನಲ್ಲಿ ನೆಲದೊಳಗೆ ಲೋಹವಿದ್ದರೆ ಕೂಗುವ ಡಿಟೆಕ್ಟರ್ ಎಂಬ ಯಂತ್ರವನ್ನು ಕಂಡವರೇ ಇರಲಿಲ್ಲ. ಪತ್ರಿಕೆಯ ಜಾಹೀರಾತು ನೋಡಿ ಡೆಸ್ಮಂಡ್ ಬಿಡಿಭಾಗ ತರಿಸಿದ, ಅಡುಗೆಮನೆ ಮೇಜಿನ ಮೇಲೆ ಬೆಸುಗೆ ಹಾಕಿ ಜೋಡಿಸಿದ. ಹಿಡಿಗೆ ಕಸಬರಿಕೆಯ ಕೋಲು, ಬ್ಯಾಟರಿಗೆ ಸ್ಯಾಂಡ್‌ವಿಚ್ ಡಬ್ಬಿ. ಅದರ ಕೂಗೋ, ಬಾಲ ತುಳಿಸಿಕೊಂಡ ಬೆಕ್ಕಿನದು! ಬಿಸಿಲೇರಿದರೆ ತಾನಾಗಿ ಊಳಿಡುವುದು, ನೆಲ ಒದ್ದೆಯಾದರೆ ಮುನಿಸಿಕೊಳ್ಳುವುದು. ಚಿನ್ನಕ್ಕೂ ಒಂದೇ ಕೂಗು, ಮೊಳೆಗೂ ಒಂದೇ ಕೂಗು. ಪಬ್‌ನಲ್ಲಿ ಗೇಲಿ ಕೇಳಬೇಕಿತ್ತು: "ಏನೋ ಡೆಸ್, ಹಸುಗಳಿಗೆ ಕಾರ್ಪೆಟ್ ಗುಡಿಸಿ ಕೊಡ್ತಿದ್ದೀಯಂತೆ?"

ಆದರೆ ಆ ದಿನಗಳು! ಗೇಣು ಮಣ್ಣು ಎತ್ತಿದರೆ ಜಾರ್ಜ್ ದೊರೆಯ ಕಾಲದ ತಾಮ್ರದ ಪೆನ್ನಿ, ಅಂಗೈಯಷ್ಟು ಅಗಲದ ಬೆಲ್ಟಿನ ಬಕಲ್, ಸೂಜಿ ಚುಚ್ಚದಂತೆ ಯಾರೋ ಹೊಲಿಗೆಯವಳು ಬೆರಳಿಗೆ ಹಾಕಿದ್ದ ಲೋಹದ ಟೋಪಿ. ಯಾರೂ ಮುಟ್ಟದ ನೆಲ, ಎಲ್ಲಿ ಕೈಯಿಟ್ಟರೂ ಏನೋ ಒಂದು. ಈಗಿನವರ ಯಂತ್ರದಲ್ಲಿ ಪರದೆ ಇದೆಯಂತೆ, ನೆಲದಲ್ಲಿ ಏನಿದೆಯೆಂದು ಅಂಕಿ ತೋರಿಸುತ್ತದಂತೆ. ಮೊದಲೇ ಗೊತ್ತಾದಮೇಲೆ ಅಗೆಯುವುದರಲ್ಲಿ ಯಾವ ಮಜಾ ಸ್ವಾಮಿ? ಗುದ್ದಲಿ ಊರುವಾಗ ಎದೆ ಹೊಡೆದುಕೊಳ್ಳುತ್ತದಲ್ಲ, ಡೆಸ್ಮಂಡ್‌ಗೆ ಬೇಕಾಗಿದ್ದದ್ದೇ ಅದು.

ಊರಿನ ರೈತರಲ್ಲಿ ಅವನಿಗೆ ಗೇಟು ತೆರೆದವನು ಹೊರೇಸ್ ಲಾರ್ಟರ್ ಒಬ್ಬನೇ. ಎರಡು ಷರತ್ತು ಹಾಕಿದ್ದ. ತೋಡಿದ ಕುಳಿ ಮುಚ್ಚಬೇಕು, ಹಸುವಿನ ಕಾಲು ಸಿಕ್ಕಬಾರದು. ಸಿಕ್ಕಿದ ಕಸವನ್ನು ಒಂದು ಚೂರೂ ಬಿಡದೆ ಹೊತ್ತುಕೊಂಡು ಹೋಗಬೇಕು. ಡೆಸ್ಮಂಡ್ ಎರಡನ್ನೂ ದೇವರ ಮಾತಿನಂತೆ ಪಾಲಿಸಿದ.

ಎಪ್ಪತ್ತೇಳರ ಜೂನ್‌ನಲ್ಲಿ ರಾಣಿ ಪಟ್ಟಕ್ಕೆ ಬಂದು ಇಪ್ಪತ್ತೈದು ವರ್ಷವಾಯಿತೆಂದು ಊರಿಗೆ ಊರೇ ಲಾರ್ಟರ್ ಹುಲ್ಲುಗಾವಲಿನಲ್ಲಿ ಸೇರಿತ್ತು. ಜಿಟಿಜಿಟಿ ಮಳೆಯಲ್ಲೇ ಹಾಡು, ಕುಣಿತ, ಬಿಯರು. ಆಗಿನ ಬಿಯರ್ ಕ್ಯಾನಿನ ಬಾಯಿ ತೆರೆಯಬೇಕೆಂದರೆ ಬೆರಳು ತೂರಿಸುವ ಒಂದು ಪುಟ್ಟ ಅಲ್ಯೂಮಿನಿಯಂ ಹಿಡಿಕೆಯನ್ನು ಎಳೆದು ಕಿತ್ತೇ ಬಿಡಬೇಕು. ಹಿಡಿಕೆಯ ಹಿಂದೆ ನಾಲಿಗೆಯಂಥ ತಗಡು ಸುರುಳಿಯಾಗಿ ಬರುತ್ತಿತ್ತು. ಕಿತ್ತವರೆಲ್ಲ ಅಲ್ಲಲ್ಲೇ ಎಸೆದರು. ಅದೇ ಗದ್ದಲದಲ್ಲಿ ಸ್ಯಾಂಡ್‌ವಿಚ್ ತಟ್ಟೆ ಹೊತ್ತು ಓಡಾಡುತ್ತಿದ್ದ ಹೊರೇಸನ ಹೆಂಡತಿ ಬೆರಿಲ್‌ಳ ಬೆಣ್ಣೆ ಬೆರಳಿನಿಂದ ಮದುವೆಯ ಉಂಗುರ ಜಾರಿಹೋಯಿತು.

ಮಾರನೇ ದಿನವೇ ಡೆಸ್ಮಂಡ್‌ಗೆ ಕರೆ ಬಂತು. ಮೂರು ದಿನ ಕೆಸರಿನಲ್ಲಿ ಮಂಡಿಯೂರಿ ಹುಡುಕಿದ. ಹೆಜ್ಜೆಗೊಂದು ಕೂಗು, ಕೂಗಿಗೊಂದು ಹಿಡಿಕೆ. ಮೊದಲ ದಿನ ಒಂದೊಂದನ್ನೂ ಒರೆಸಿ ನೋಡಿದ. ಮೂರನೆಯ ದಿನಕ್ಕೆ ಬೇಸತ್ತು, ಕೆಸರುಂಡೆಯಲ್ಲಿ ಹಿಡಿಕೆಯ ತುದಿ ಕಂಡರೆ ಸಾಕು, ಉಂಡೆ ಸಮೇತ ಗೋಣಿಚೀಲಕ್ಕೆ ತುರುಕಿದ. ಆಮೇಲೆ ಕುಳಿಯ ಮೇಲೆ ಇನ್ನೊಮ್ಮೆ ಯಂತ್ರ ಆಡಿಸಿ ನೋಡುವನು, ಕೂಗದಿದ್ದರೆ ಮುಂದೆ.

ಉಂಗುರ ಸಿಗಲಿಲ್ಲ. ಗೇಟಿನ ಬಳಿ ಹೊರೇಸ್ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಇನ್ನೂರು ವರ್ಷದ ಪೆನ್ನಿ ಸಿಗುತ್ತೆ ನಿನಗೆ. ಮೊನ್ನೆ ಬಿದ್ದ ಉಂಗುರ ಸಿಗಲ್ಲ. ಯಾರ ಕಿವಿಗೆ ಹೂವಿಡ್ತೀಯೋ?"

"ಜೇಬು ನೋಡಿ ಬೇಕಾದ್ರೆ, ಮಿಸ್ಟರ್ ಲಾರ್ಟರ್."

"ಕಳ್ಳನ ಜೇಬು ನಾನ್ಯಾಕೆ ಮುಟ್ಟಲಿ? ನಡಿ ಆಚೆ."

ಅಷ್ಟೇ. ಎರಡು ವಾರದಲ್ಲಿ ಸುತ್ತಲಿನ ಗೇಟುಗಳೆಲ್ಲ ಮುಚ್ಚಿದವು. ಟಪಾಲು ಕೊಡಲು ಹೋದರೆ ಹೆಂಗಸರು ಕೈಯಲ್ಲಿನ ಉಂಗುರ ಮುಚ್ಚಿಕೊಂಡಂತೆ ಅವನಿಗೆ ಕಾಣುತ್ತಿತ್ತು. ಆ ಗೋಣಿಚೀಲವನ್ನು ಮಾತ್ರ ಅವನು ಎಸೆಯಲಿಲ್ಲ, ಬಿಚ್ಚಲೂ ಇಲ್ಲ. ಯಾರಾದರೂ ಕೇಳಿದರೆ ಮೂರು ದಿನದ ದುಡಿಮೆಯ ಸಾಕ್ಷಿ ತೋರಿಸಬೇಕಲ್ಲ! ಯಾರೂ ಕೇಳಲಿಲ್ಲ.

ಈಗ ಹೊರೇಸ್ ಸತ್ತು ಆರು ತಿಂಗಳು. ಹೋದ ವಾರ ಬೆರಿಲ್ ಅಂಗಡಿಯಲ್ಲಿ ಸಿಕ್ಕಿ ತಾನಾಗಿ ನಿಲ್ಲಿಸಿದ್ದಳು.

"ಡೆಸ್ಮಂಡ್, ಹೊರೇಸ್ ಹೋಗೋ ಮುಂಚೆ ನಿನ್ನ ಹೆಸರು ಎತ್ತಿದ. 'ಆ ಹುಡುಗನಿಗೆ ಅನ್ಯಾಯ ಮಾಡಿದೆ, ಕ್ಷಮಿಸು ಅಂತ ಹೇಳು' ಅಂದ. ಜಮೀನು ಮಾರಿಯಾಯ್ತು. ಸೋಮವಾರದ ತನಕ ಬೇಕಾದ್ರೆ ಹುಡುಕ್ಕೋ."

ಹುಡುಕದೆ ಬಿಟ್ಟಾನೆಯೇ? ಹಳೆಯ ಯಂತ್ರಕ್ಕೇ ಹೊಸ ಬ್ಯಾಟರಿ ಹಾಕಿ ಬುಧವಾರದಿಂದ ನಾಲ್ಕು ದಿನ ಬಗ್ಗಿದ. ಮಂಡಿ ಬಾತುಕೊಂಡಿತು. ಸಿಕ್ಕಿದ್ದು ಎರಡು ಮೊಳೆ, ಒಂದು ಲಾಳ.

ಶನಿವಾರ ಮಧ್ಯಾಹ್ನ ಯಂತ್ರದ ತಂತಿ ತುಂಡಾಯಿತು. ಬೇರೆ ತಂತಿ ಹುಡುಕಲು ಶೆಡ್ಡಿಗೆ ಹೋಗಿ ಮೂಲೆಯ ಗೋಣಿಚೀಲ ಎಳೆದ. ನಲವತ್ತೊಂದು ವರ್ಷದ ಗೋಣಿ, ಬುಡ ಕಿತ್ತು ಬಂತು. ಒಣಮಣ್ಣಿನ ಉಂಡೆಗಳು ಸಿಮೆಂಟಿನ ಮೇಲೆ ಬಿದ್ದು ಒಡೆದವು. ಬೂದು ಬಣ್ಣದ ನೂರಾರು ಹಿಡಿಕೆಗಳ ನಡುವೆ ಒಂದರ ನಾಲಿಗೆ ಮಾತ್ರ ಏನನ್ನೋ ಸುತ್ತಿಕೊಂಡು ಕೂತಿತ್ತು. ಉಗುಳು ಹಚ್ಚಿ ಉಜ್ಜಿದ. ಹಳದಿ.

ಡೆಸ್ಮಂಡ್ ಅದನ್ನು ಬೆಳಕಿಗೆ ಹಿಡಿದ: ಮದುವೆಯ ಉಂಗುರ. ಅಯ್ಯೋ ದೇವರೇ, ಹೊರೇಸ್ ಹೇಳಿದ್ದು ನಿಜ. ಉಂಗುರ ಕೊಂಡುಹೋದವನು ಇವನೇ! ಯಂತ್ರ ಕೂಗಿತ್ತು, ಇವನು ನೋಡಲಿಲ್ಲ. ಇವನ ಸಾಕ್ಷಿಯೇ ಇವನ ಕಳವಿನ ಮಾಲು. ಅದೂ ಆ ಮನುಷ್ಯ ಸಾಯುವಾಗ ಇವನ ಕ್ಷಮೆ ಕೇಳಿ ಹೋಗಿದ್ದಾನೆ. ನಾಚಿಕೆಯಿಂದ ಅವನ ಕಿವಿ ಸುಡತೊಡಗಿತು.

ಉಂಗುರವನ್ನು ಹಿಡಿಕೆ ಸಮೇತ ಜೇಬಿಗೆ ಹಾಕಿಕೊಂಡು, ಗುದ್ದಲಿ ಹೊತ್ತು ನೆಟ್ಟಗೆ ಹುಲ್ಲುಗಾವಲಿಗೆ ನಡೆದ. ಹುಲ್ಲಿನಲ್ಲಿ ಬೀಳಿಸಿ, ಮಣ್ಣು ಮುಚ್ಚಿ, ಬೆರಿಲ್‌ಳನ್ನು ಕರೆದು ಅವಳ ಕಣ್ಣೆದುರೇ ತೆಗೆದುಕೊಟ್ಟರೆ? ಯಾರಿಗೂ ನಷ್ಟವಿಲ್ಲ. ಊರಿಗೆ ಊರೇ ಬೆನ್ನು ತಟ್ಟುತ್ತದೆ. ಗುದ್ದಲಿ ಊರಿ ಹುಲ್ಲಿನ ಹೆಂಟೆಯನ್ನೂ ಎತ್ತಿದ. ಕುಳಿಯ ಮೇಲೆ ಹಿಡಿದ ಕೈ ಬಿಚ್ಚಲಿಲ್ಲ. ಹೆಂಟೆಯನ್ನು ವಾಪಸ್ ಕೂರಿಸಿ, ಅಭ್ಯಾಸಬಲದಿಂದ ಬೂಟಿನಿಂದ ಒತ್ತಿ ಸಮಮಾಡಿ, ಬೆರಿಲ್‌ಳ ಹಿತ್ತಲ ಬಾಗಿಲು ತಟ್ಟಿದ.

ಉಂಗುರವನ್ನು ಆ ಹಿಡಿಕೆಯ ಸಮೇತ ಮೇಜಿನ ಮೇಲಿಟ್ಟ.

ಬೆರಿಲ್ ಬಾಯಿಗೆ ಕೈ ಅಡ್ಡ ಹಿಡಿದಳು. "ಎಲ್ಲಿತ್ತೋ?"

"ನನ್ನ ಶೆಡ್ಡಲ್ಲಿ, ಮಿಸೆಸ್ ಲಾರ್ಟರ್. ಅವತ್ತು ಕಸದ ಜೊತೆ ಹೊತ್ಕೊಂಡು ಹೋಗಿದ್ದೆ. ನೋಡ್ಲಿಲ್ಲ. ನಾನು ನೋಡ್ಲಿಲ್ಲ." ಅವನು ಉಂಗುರವನ್ನು ಅವಳ ಕಡೆ ಸರಿಸಿದ. "ಮಿಸ್ಟರ್ ಲಾರ್ಟರ್ ಕೇಳಿದ ಕ್ಷಮೆ ನನಗೆ ಸಲ್ಲೋದಲ್ಲ. ವಾಪಸ್ ಕೊಡೋಕೆ ಬಂದೆ."

ಅವಳು ಉಂಗುರವನ್ನು ನಾಲಿಗೆಯ ಸುರುಳಿಯಿಂದ ಬಿಡಿಸಿ ಬೆರಳಿಗೆ ತುರುಕಿ ನೋಡಿದಳು. ಊದಿದ ಗೆಣ್ಣು ದಾಟಲಿಲ್ಲ. ಕಿರುಬೆರಳಿಗೆ ಹಾಕಿಕೊಂಡಳು.

"ಹೊರೇಸ್ ಕೇಳಿದ್ದು ಹೊರೇಸ್‌ದು. ನಿನ್ನನ್ನ ಕಳ್ಳ ಅಂದದ್ದಕ್ಕೆ ಕೇಳಿದ, ನೀನು ಕಳ್ಳ ಅಲ್ಲ, ಅದು ನಿನ್ನ ಹತ್ರಾನೇ ಇರಲಿ," ಎಂದಳು. "ಆದರೆ ನಲವತ್ತೊಂದು ವರ್ಷ ನಾನು ಬರಿಗೈಲಿ ಓಡಾಡಿದೀನಿ ಡೆಸ್ಮಂಡ್. ಬೇಕು ಅಂತಲೇ ಕಳೆದೆ ಅಂತ ಹೊರೇಸ್‌ನ ಅಮ್ಮ ಸಾಯೋ ತನಕ ಚುಚ್ಚಿದಳು. ನನ್ನ ಹತ್ರ ನೀನು ಕ್ಷಮೆ ಕೇಳಿದ್ದೀಯಾ?"

ಇಷ್ಟು ವರ್ಷ ತನಗಾದ ಅನ್ಯಾಯವನ್ನೇ ತಿರುಗಿಸಿ ತಿರುಗಿಸಿ ನೋಡಿದ್ದವನಿಗೆ ಇವಳ ಬೆರಳು ಒಮ್ಮೆಯೂ ನೆನಪಾಗಿರಲಿಲ್ಲ. ಡೆಸ್ಮಂಡ್ ಟೋಪಿ ತೆಗೆದ.

"ಕ್ಷಮಿಸಿ, ಬೆರಿಲ್," ಎಂದ.

"ಕೂತ್ಕೋ," ಎಂದಳು ಅವಳು, ಕೆಟಲ್‌ಗೆ ನೀರು ತುಂಬುತ್ತ. ಅವನು ಕೂತ.