ಅಮ್ಮನಿಗೂ ಆರ್ಕಿಡಿಗೂ ಒಂದೇ ನೆಲ

ನಮ್ಮ ಕರಾವಳಿಯ ತೋಡಾರಿನಲ್ಲಿ ಚಳಿಗಾಲವೆಂದರೆ ಬೆಳಗಿನ ಜಾವ ಫ್ಯಾನಿನ ವೇಗ ತುಸು ಇಳಿಸುವುದು, ಅಷ್ಟೆ. ಅಂಥ ಊರಿನಲ್ಲಿ ಹಸಿರುಮನೆಯ ನೆಲ ಸರಿಮಾಡಲು ಹೊರಟವನು ನಾನು ಎಂದರೆ ನೀವು ನಗಬಹುದು. ತಣ್ಣನೆಯ ದೇಶದವರು ಬಿಸಿ ಹಿಡಿದಿಡಲು ಕಟ್ಟಿದ್ದನ್ನು ನಾವು ಬಿಸಿಲು ತಡೆಯಲು ಕಟ್ಟಿಕೊಂಡಿದ್ದೇವೆ. ಹೆಸರು ಮಾತ್ರ ಅದೇ. ನಮ್ಮದು ನಾಲ್ಕು ಕಬ್ಬಿಣದ ಕಂಬ, ಮೇಲೊಂದು ಹಸಿರು ನೆಟ್, ಒಳಗೆ ನನ್ನ ಹೆಂಡತಿ ಸುಜಾತಳ ಆರ್ಕಿಡ್ ಸಂಸಾರ.

ಮಳೆಗಾಲದಲ್ಲಿ ಅದರ ನೆಲದ ಪಾಚಿಯ ಮೇಲೆ ಅಮ್ಮ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಧೈರ್ಯ ಮುರಿಯಿತು. ಅಂದಿನಿಂದ ಬಾಗಿಲಲ್ಲೇ ನಿಂತು, "ಬಿಳಿಯದ್ದು ಅರಳಿತಾ?" ಎಂದು ಕೇಳುತ್ತಿದ್ದರು. ಮಳೆ ನಿಂತದ್ದೇ ನಾನು ಹಾರೆ ಹಿಡಿದು ಪಾಚಿ ಕೆರೆದೆ. ಜೀವನವಿಡೀ ಕನ್ನಡ ವ್ಯಾಕರಣ ಕಲಿಸಿದ ಕೈ. ಪಾಚಿಗಿಂತ ಹೆಚ್ಚು ಅಂಗೈಯ ಚರ್ಮ ಕೆರೆದುಹೋಯಿತು.

"ಇನ್ನು ಸಿಮೆಂಟು ಹಾಕಿಬಿಡುವ," ಎಂದೆ.

"ಹಾಕಿದರೆ ಮುಗಿಯಿತು ಕಥೆ!" ಎಂದಳು ಸುಜಾತ. "ಡಿಸೆಂಬರಿನ ಒಣಗಾಳಿಗೆ ಗಿಡಗಳಿಗೆ ನೆಲದ ತಂಪು ಬೇಡವಾ? ನೆಲ ಒದ್ದೆ ಇರಬೇಕು."

ಅಮ್ಮನಿಗೆ ಒಣ ನೆಲ, ಆರ್ಕಿಡಿಗೆ ಒದ್ದೆ ನೆಲ. ತಾಯಿಗೊಂದು, ಹೆಂಡತಿಗೊಂದು ಬೇಕಾಗುವುದು ಲೋಕಕ್ಕೆ ಹೊಸತಲ್ಲ. ಇಬ್ಬರ ನಡುವೆ ಹಾರೆ ಹಿಡಿದು ನಿಂತದ್ದು ಮಾತ್ರ ನನಗೆ ಹೊಸತು. ಪಕ್ಕದ ಮನೆಯ ಹಮೀದ್ ಗಲ್ಫಿನಿಂದ ಊರಿಗೆ ಬಂದು ನೆಲೆನಿಂತವನು. ಕಂಪೌಂಡಿನಾಚೆಯಿಂದ ಇಣುಕಿ, "ಟೈಲ್ಸ್ ಹಾಕಿ ಮಾಸ್ಟ್ರೇ, ಫಳಫಳ ಹೊಳೀತದೆ," ಎಂದು ಮೂರನೆಯ ಪಕ್ಷವನ್ನೂ ಹುಟ್ಟುಹಾಕಿದ.

ವಾದ ಬಿಸಿಯಾಗುವಷ್ಟರಲ್ಲಿ ಬಾಗಿಲಿನಿಂದ ಅಮ್ಮನ ಸ್ವರ ಬಂತು: "ನನಗೆ ನಡುವೆ ಒಂದು ದಾರಿ ಸಾಕು ಮಾರಾಯ. ನಾನೇನು ಗಿಡದ ಬುಡದಲ್ಲಿ ಮಲಗಲಿಕ್ಕೆ ಬರುವುದಾ?"

ನಮಗ್ಯಾರಿಗೂ ಹೊಳೆಯದ ಮಾತು! ಹಮೀದನ ಕಂಪೌಂಡು ಕಟ್ಟಿ ಉಳಿದ ಕೆಂಪುಕಲ್ಲುಗಳಿದ್ದವು. ಅವನ್ನು ನಾವಿಬ್ಬರೂ ಹೊತ್ತು ತಂದು, ಒಬ್ಬರು ನಡೆಯುವಷ್ಟು ಅಗಲಕ್ಕೆ ಸಾಲಾಗಿ ಕೂರಿಸಿದೆವು. ಕಲ್ಲಿನ ಒರಟು ಮೈಗೆ ಕಾಲು ಜಾರುವುದಿಲ್ಲ. ಆಚೀಚೆ ಜಲ್ಲಿ ಹರಡಿ, ಜಲ್ಲಿಗೆ ಮಾತ್ರ ಸುಜಾತ ನೀರು ಚಿಮುಕಿಸಿದಳು. ತಂಪು ಮೇಲೆದ್ದಿತು, ದಾರಿ ಒಣಗಿಯೇ ಇತ್ತು.

ನಾನು ಅಮ್ಮನ ಕೈ ಹಿಡಿಯಲು ಹೋದೆ.

"ಬಿಡು. ನೀನು ಹಿಡಿದರೆ ಇಬ್ಬರೂ ಬೀಳುವುದು," ಎಂದರು.

ಮೊದಲ ಕಲ್ಲಿನ ಮೇಲೆ ತುಸು ತಡೆದರು. ಕಾಲಿನಿಂದ ಒತ್ತಿ ನೋಡಿದರು. ಆಮೇಲೆ ಒಬ್ಬರೇ ನಡೆದು ಬಿಳಿ ಹೂವಿನ ಬಳಿ ಹೋದರು. ಅಲ್ಲಿ ಅತ್ತೆ ಸೊಸೆಗೆ ಮಾತು ಶುರುವಾಯಿತು. ಯಾವ ಗಿಡ ಮೊಗ್ಗು ಬಿಟ್ಟಿದೆ, ಯಾವುದು ಸೋಮಾರಿ ಎಂದು ಮುಗಿಯದ ಮಾತು. ಮೈಯೆಲ್ಲ ಕೆಂಪು ಧೂಳಾದ ನಾನೂ ಹಮೀದನೂ ಹೊರಗೇ ಉಳಿದೆವು. ದಾರಿ ಒಬ್ಬರಷ್ಟೇ ಅಗಲ, ಅದೂ ಅವರಿಂದ ತುಂಬಿತ್ತು.

"ನಮಗೆ ಜಾಗ ಇಲ್ಲ ಅಲ್ವಾ ಮಾಸ್ಟ್ರೇ," ಎಂದ ಹಮೀದ್.

"ಇಲ್ಲ," ಎಂದೆ, ತುಂಬ ಸಂತೋಷದಿಂದ.