ರಾಹೇಲಮ್ಮ ಹಾಡು ಎತ್ತುವುದನ್ನು ಬಿಟ್ಟದ್ದು

ಕೊಯಮತ್ತೂರಿನ ಕಡೆಯ ಅನ್ನೂರಿನ ಹೊರಗೆ, ಹತ್ತಿ ಮಿಲ್ಲಿನ ಹಿಂಭಾಗಕ್ಕೆ ಕ್ರೈಸ್ತರ ಒಂದು ಸಣ್ಣ ದೇವಾಲಯವಿತ್ತು. ಮಣ್ಣಿನ ಗೋಡೆ, ನಾಡಹೆಂಚು, ಕೂರುವುದಕ್ಕೆ ಚಾಪೆ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಅಲ್ಲಿಗೆ ಬರುವವರಲ್ಲಿ ಅರ್ಧದಷ್ಟು ಜನರ ಮನೆಮಾತು ಕನ್ನಡ, ಆದರೆ ಆರಾಧನೆ ನಡೆಯುತ್ತಿದ್ದುದು ತಮಿಳಿನಲ್ಲಿ. ಓದು ಬಂದವರು ಯಾವ ಕಡೆಯೂ ಹೆಚ್ಚಿರಲಿಲ್ಲ. ಕೀರ್ತನೆಯ ಪುಸ್ತಕ ಇದ್ದದ್ದು ಆರಾಧನೆ ನಡೆಸುವ ಉಪದೇಶಿಯ ಹತ್ತಿರ ಮಾತ್ರ. ಹಾಗಾಗಿ ಹಾಡನ್ನು ಒಬ್ಬರು ಎತ್ತಬೇಕು, ಉಳಿದವರು ಹಿಂದೆಯೇ ಹೇಳಬೇಕು. ಎತ್ತುವವರು ಒಂದು ಸಾಲು ಹಾಡಿ ನಿಲ್ಲಿಸಿದರೆ ಸಭೆ ಅದನ್ನು ತೆಗೆದುಕೊಳ್ಳುತ್ತದೆ. ಸಾವಿರದ ಒಂಬೈನೂರ ಐವತ್ತರ ಆಚೀಚಿನ ವರ್ಷಗಳಲ್ಲಿ ಈ ಕೆಲಸ ರಾಹೇಲಮ್ಮನದು.

ಅವಳಿಗೂ ಓದು ಬರುತ್ತಿರಲಿಲ್ಲ. ಕೊಳ್ಳೇಗಾಲದ ಕಡೆಯಿಂದ ಬಂದ ಅವಳ ತಂದೆ ಕೊಯಮತ್ತೂರಿನಲ್ಲಿ ಒಂದು ಮಿಷನ್ ಬಂಗಲೆಯ ಅಡುಗೆಯವನಾಗಿದ್ದ. ಅವನು ಈರುಳ್ಳಿ ಹೆಚ್ಚುತ್ತಾ ಹಾಡಿದ್ದನ್ನೆಲ್ಲ ಅವಳು ಕೇಳಿಯೇ ಕಲಿತಳು. ಎಷ್ಟು ಚರಣದ ಕೀರ್ತನೆಯಾದರೂ ಅವಳ ನಾಲಿಗೆ ಎಡವುತ್ತಿರಲಿಲ್ಲ. ಗಂಟಲಂತೂ ಕಂಚಿನ ಗಂಟಲು. ಮೊದಲ ಸಾಲನ್ನೇ ಮೇಲಿನಿಂದ ಹಿಡಿಯುತ್ತಿದ್ದಳು. ಕಡೆಯ ಚರಣಕ್ಕೆ ಬರುವ ಹೊತ್ತಿಗೆ ಅವಳ ದನಿ ಹೆಂಚು ದಾಟಿ ರಸ್ತೆಯ ತನಕ ಕೇಳುತ್ತಿತ್ತು. ಗಾಡಿ ಹೊಡೆದುಕೊಂಡು ಹೋಗುವವರು ಎತ್ತು ನಿಲ್ಲಿಸಿ ಕೇಳಿದ್ದುಂಟು. ಒಳಗೆ ಕೂತವರೂ ಆ ಹೊತ್ತಿಗೆ ಬಾಯಿ ಮುಚ್ಚಿ ಕೇಳುತ್ತಿದ್ದರು. ಅದು ಭಕ್ತಿಯೆಂದು ರಾಹೇಲಮ್ಮ ತಿಳಿದಿದ್ದಳು.

ಒಂದು ವರ್ಷ ಹೊಸ ಉಪದೇಶಿ ಬಂದರು. ಜ್ಞಾನಾಭರಣಂ ಎಂದು ಹೆಸರು. ತಿರುಪ್ಪೂರಿನ ಕಡೆಯವರು, ಮೂಗಿನ ತುದಿಯಲ್ಲೇ ಕೋಪ. ವಾರವಾರ ಆರಾಧನೆ ನಡೆಸುವವರು ಅವರೇ ಆದ್ದರಿಂದ ಅವರು ನಿಲ್ಲುವುದು ಮುಂದುಗಡೆ, ರಾಹೇಲಮ್ಮನ ಪಕ್ಕದಲ್ಲಿ. ಒಂದು ಭಾನುವಾರ ಕರ್ತರ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡುವುದಕ್ಕೆ ಪೇಟೆಯಿಂದ ಪಾದ್ರಿಯವರು ಬಂದಿದ್ದರು. ಉಪದೇಶಿಗೆ ಮುಂದೆ ಕೆಲಸವಿರಲಿಲ್ಲ. ಒಳಗೆ ನುಗ್ಗುತ್ತಿದ್ದ ಮೇಕೆಯೊಂದನ್ನು ಓಡಿಸುವುದಕ್ಕೆ ಹಿಂದೆ ಹೋದವರು ಬಾಗಿಲ ಬಳಿಯೇ ಕೂತುಬಿಟ್ಟರು. ಆರಾಧನೆ ಮುಗಿದು ಪಾದ್ರಿಯವರನ್ನು ಬಸ್ಸಿಗೆ ಹತ್ತಿಸಿ ಬಂದ ಮೇಲೆ ಜಗುಲಿಯ ಮೇಲೆ ಅವಳನ್ನು ನಿಲ್ಲಿಸಿಕೊಂಡರು.

"ರಾಹೇಲಮ್ಮಾ, ಬರೋ ವಾರದಿಂದ ಹಾಡು ಅಯ್ಯಾಸಾಮಿ ಎತ್ತಲಿ."

"ಯಾರು, ಕಪಿಲೆ ಹೊಡೆಯೋ ಅಯ್ಯಾಸಾಮಿನಾ?"

"ಅವನೇ."

"ಅವನ ಗಂಟಲು ಕೇಳಿದ್ದೀರಾ ಉಪದೇಶಿಯಾರೇ? ಎತ್ತು ಕೆಮ್ಮಿದ ಹಾಗಿರುತ್ತೆ."

"ಕೇಳಿದ್ದೀನಿ. ಇವತ್ತು ಬಾಗಿಲ ಹತ್ರ ಕೂತು ನಿನ್ನದನ್ನೂ ಕೇಳಿದೆ. ನೀನು ಒಬ್ಬಳೇ ಹಾಡ್ತೀಯಮ್ಮಾ. ಮಿಕ್ಕವರೆಲ್ಲ ಸುಮ್ನೆ ಕೂತಿರ್ತಾರೆ."

"ಕೇಳ್ತಾ ಕೂತಿರ್ತಾರೆ."

"ಅವರು ಬಂದದ್ದು ಕೇಳೋಕಲ್ಲ."

ರಾಹೇಲಮ್ಮನ ಮುಖಕ್ಕೆ ರಕ್ತ ಏರಿತು. "ಈ ಗಂಟಲು ದೇವರು ಕೊಟ್ಟದ್ದು. ಬೇಡ ಅನ್ನೋಕೆ ನೀವು ಯಾರು?"

"ಗಂಟಲು ದೇವರು ಕೊಟ್ಟದ್ದು. ಜಾಗ ಸಭೆ ಕೊಟ್ಟದ್ದು," ಎಂದು ಹೇಳಿ ಉಪದೇಶಿ ಸೈಕಲ್ ಹತ್ತಿದರು. ಇನ್ನೂ ಸ್ವಲ್ಪ ಮೆತ್ತಗೆ ಹೇಳಬಹುದಾಗಿತ್ತು. ಅವರಿಗೆ ಆ ಅಭ್ಯಾಸವಿರಲಿಲ್ಲ.

ಮನೆಯಲ್ಲಿ ಗಂಡ ಮಾಸಿಲಾಮಣಿ ಸಂಗತಿ ಕೇಳಿ ನಕ್ಕ. ಅವನು ಮಿಲ್ಲಿನಲ್ಲಿ ಹತ್ತಿ ಮೂಟೆ ಹೊರುವವನು, ಯಾವುದನ್ನೂ ಭಾರವಾಗಿ ತೆಗೆದುಕೊಳ್ಳುವವನಲ್ಲ. "ನಿನ್ನ ಬಾಯಿ ಮುಚ್ಚಿಸೋಕೆ ಕಟ್ಟಿಕೊಂಡ ದಿನದಿಂದ ಪಾಡುಪಡ್ತಾ ಇದೀನಿ. ಆ ಮನುಷ್ಯ ಒಂದೇ ಮಾತಲ್ಲಿ ಮುಗಿಸಿಬಿಟ್ರಲ್ಲ! ಅವರಿಗೊಂದು ಮಾಲೆ ಹಾಕಬೇಕು, ರಾಹೇಲೀ."

"ಹಾಕಿ, ಹಾಕಿ. ನಾನು ಇನ್ನು ಅಲ್ಲಿಗೆ ಕಾಲಿಡಲ್ಲ."

"ದೇವರೇನು ಮಾಡಿದ ನಿಂಗೆ? ಜಗಳ ಉಪದೇಶಿ ಜೊತೆ ತಾನೇ?"

ಅವಳು ಒಲೆಯ ಕಡೆ ತಿರುಗಿದಳು. ಅಂದಿನ ಸಾರಿಗೆ ಉಪ್ಪು ಬಿದ್ದಿರಲಿಲ್ಲ, ಮಾಸಿಲಾಮಣಿ ಹಾಗೆಯೇ ಉಂಡು ಎದ್ದ.

ವಾರವಿಡೀ ಅವಳು ಪ್ರಾರ್ಥನೆ ಮಾಡಿದಳು. ಆ ಪ್ರಾರ್ಥನೆ ಹೆಚ್ಚುಕಡಿಮೆ ಅಪ್ಪಣೆಯ ಹಾಗೆಯೇ ಇತ್ತು. ಉಪದೇಶಿಗೆ ಬುದ್ಧಿ ಕೊಡು, ಅಯ್ಯಾಸಾಮಿಗೆ ನೆಗಡಿ ಕೊಡು ಎನ್ನುವುದೇ ಅದರ ಸಾರ. ಶನಿವಾರ ದೇವಾಲಯದ ನೆಲ ಸಾರಿಸುವ ಸರದಿ ಅವಳದೇ. ಹೋಗಬಾರದೆಂದುಕೊಂಡೂ ಸಗಣಿ ಬಕೆಟ್ಟು ಹಿಡಿದು ಹೋದಳು. ಯಾರೂ ಇಲ್ಲದ್ದನ್ನು ನೋಡಿ, ಸಾರಿಸುತ್ತಲೇ ಕನ್ನಡದಲ್ಲಿ ಗಟ್ಟಿಯಾಗಿ ಕೇಳಿದಳು.

"ನೀವಾದ್ರೂ ಹೇಳಿ ಕರ್ತರೇ. ನಾನು ಹಾಡಲಾ, ಬೇಡವಾ?"

ಹೆಂಚಿನ ಸಂದಿಯಲ್ಲಿ ಗುಬ್ಬಿ ಗಲಾಟೆ ಮಾಡುತ್ತಿತ್ತು, ಅಷ್ಟೇ. ದೇವರು ಹೇಳದ ಮೇಲೆ ಉಪದೇಶಿ ಹೇಳಿದ್ದನ್ನಾದರೂ ಕೇಳಬೇಕಲ್ಲ. ಮನಸ್ಸು ಒಪ್ಪಿ ಕೇಳಿದ್ದಲ್ಲ. ಬೇರೆ ದಾರಿ ತೋರದೆ ಕೇಳಿದಳು.

ಮರುದಿನ ಮುಂದಿನ ಜಾಗ ಬಿಟ್ಟು ಹೆಂಗಸರ ಚಾಪೆಯ ಹಿಂದುಗಡೆ, ಮುದುಕಿ ಚಿನ್ನತಾಯಿಯ ಪಕ್ಕದಲ್ಲಿ ಕೂತಳು. ಅಯ್ಯಾಸಾಮಿ ಎದ್ದು ನಿಂತ. ತೋಟದ ಬಾವಿಯಲ್ಲಿ ಬೆಳಗಿನಿಂದ ಬಿಸಿಲೇರುವ ತನಕ ಎತ್ತುಗಳನ್ನು ಇಳಿಜಾರಿನಲ್ಲಿ ಹಿಂದೆ ಮುಂದೆ ನಡೆಸಿ ನೀರು ಎತ್ತುವವನು ಅವನು. ಆ ಕೆಲಸಕ್ಕೆ ಹಾಡಿಕೊಳ್ಳುವ ಹಾಡು ತಗ್ಗಿನಲ್ಲಿರುತ್ತದೆ. ಇಲ್ಲದಿದ್ದರೆ ಗಂಟಲು ಮಧ್ಯಾಹ್ನದ ತನಕ ಬಾಳುವುದಿಲ್ಲ. ಅವನು ಕೀರ್ತನೆಯನ್ನೂ ಅದೇ ಮಟ್ಟದಲ್ಲಿ ಹಿಡಿದ. ಸಾಲಿನ ಕೊನೆಯ ಅಕ್ಷರಗಳನ್ನು ನುಂಗಿದ. ರಾಹೇಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸಾಲು ನಿಂತಿತು, ಸಭೆ ಅದನ್ನು ತೆಗೆದುಕೊಂಡಿತು. ಅವಳ ಪಕ್ಕದಲ್ಲೇ ಒಂದು ದನಿ, ಒಣಗಿದ ಸೋರೆಬುರುಡೆಯಲ್ಲಿ ಬೀಜ ಅಲ್ಲಾಡಿದ ಹಾಗೆ, ಹಾಡುತ್ತಿತ್ತು. ತಿರುಗಿ ನೋಡಿದರೆ ಚಿನ್ನತಾಯಿ. ಈ ಮುದುಕಿ ಹಾಡಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಕಡೆಯ ಚರಣ ಬಂದರೂ ಮುದುಕಿ ನಿಲ್ಲಿಸಲಿಲ್ಲ. ಆಚೆ ಗಂಡಸರೂ ನಿಲ್ಲಿಸಲಿಲ್ಲ.

ಹೊರಗೆ ಬಂದ ಮೇಲೆ ರಾಹೇಲಮ್ಮ ಕೇಳಿದಳು. "ಏನತ್ತೆ, ನಿಮಗೆ ಇಷ್ಟೆಲ್ಲ ಹಾಡು ಬರುತ್ತಾ?"

"ಬಾರದೆ ಏನು, ನನ್ನ ಕಣ್ಣೇ? ಎಲ್ಲಾ ನೀನು ಕಲಿಸಿದ್ದೇ."

"ಮತ್ತೆ ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ?"

"ನೀನು ಹಾಡನ್ನ ತೆಂಗಿನಮರದ ಮೇಲೆ ಇಡ್ತಾ ಇದ್ದೆ. ಈ ವಯಸ್ಸಲ್ಲಿ ನಾನು ಮರ ಹತ್ತಲಾ?" ಮುದುಕಿ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು. ಅವಳ ಮಟ್ಟಿಗೆ ಅದು ತಮಾಷೆ. ರಾಹೇಲಮ್ಮನಿಗೆ ನಗು ಬರಲಿಲ್ಲ. ಮನೆಯ ದಾರಿ ಹಿಡಿದಳು.

ಅರ್ಥವಾಗುವುದು ಬೇರೆ, ನೋವು ಹೋಗುವುದು ಬೇರೆ. ಚಿನ್ನತಾಯಿಯ ಮಾತು ನಿಜವೆಂದು ಅವಳಿಗೆ ಗೊತ್ತಾಯಿತು. ಆದರೂ ಪ್ರತಿ ಭಾನುವಾರ ಅಯ್ಯಾಸಾಮಿ ಎದ್ದು ನಿಂತಾಗ ಅವಳ ಮೊಣಕಾಲು ತಾನಾಗಿಯೇ ಚಾಪೆಯಿಂದ ಏಳುತ್ತಿತ್ತು. ಕೈಯಿಂದ ಒತ್ತಿ ಕೂರಿಸಿಕೊಳ್ಳುತ್ತಿದ್ದಳು.

ಪೊಂಗಲ್ ಕಳೆದ ಮೇಲೆ ಸುಗ್ಗಿ ಸ್ತೋತ್ರದ ಹಬ್ಬ ಬಂತು. ಬೆಳೆದವರು ಬೆಳೆದದ್ದನ್ನು ತಂದು ಮುಂದೆ ಇಟ್ಟರು. ಜೋಳದ ತೆನೆ, ಹುರುಳಿ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ. ಪಾದ್ರಿಯವರು ಬಂದಿದ್ದರು, ಸುತ್ತಲ ಹಳ್ಳಿಗಳ ನಂಟರೂ ಬಂದಿದ್ದರು. ಆ ಹಬ್ಬದ ಕೀರ್ತನೆ ಉದ್ದದ್ದು, ವರ್ಷಕ್ಕೊಮ್ಮೆ ಮಾತ್ರ ಹಾಡುವಂಥದ್ದು. ಅಯ್ಯಾಸಾಮಿ ಮೊದಲ ಚರಣಗಳನ್ನು ಚೆನ್ನಾಗಿಯೇ ದಾಟಿಸಿದ. ನಾಲ್ಕನೆಯದಕ್ಕೆ ಬಾಯಿ ತೆರೆದವನು ಹಾಗೆಯೇ ನಿಂತುಬಿಟ್ಟ. ಉಪದೇಶಿ ಪುಸ್ತಕದ ಹಾಳೆ ಮಗುಚತೊಡಗಿದರು. ಪುಟ ಸಿಗಲಿಲ್ಲ. ಮೂಲೆಯಲ್ಲಿ ಕೋಳಿ ಕೂಗಿತು. ಮಕ್ಕಳು ಕಿಸಕ್ಕನೆ ನಕ್ಕರು.

ರಾಹೇಲಮ್ಮನಿಗೆ ಆ ಸಾಲು ಗೊತ್ತಿತ್ತು. ಅದು ನಾಲಿಗೆಯ ಮೇಲೇ ಇತ್ತು. ಹೇಳಲಿಲ್ಲ. ಅವನು ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಲ್ಲಲಿ, ಉಪದೇಶಿ ತಿರುಗಿ ತನ್ನ ಕಡೆ ನೋಡಲಿ, ನೋಡಿ ಕರೆಯಲಿ ಎಂದು ಕಾದಳು. ಹೆಂಗಸರ ತಲೆಗಳು ಒಂದೊಂದಾಗಿ ಅವಳ ಕಡೆ ತಿರುಗಿದವು. ಎದ್ದು ನಿಂತು ತನ್ನ ಕಂಚಿನ ಗಂಟಲಲ್ಲಿ ಎತ್ತಿದ್ದರೆ ಅಂದು ಯಾರೂ ಬೇಡ ಅನ್ನುತ್ತಿರಲಿಲ್ಲ, ಉಪದೇಶಿಯೂ ಅನ್ನುತ್ತಿರಲಿಲ್ಲ.

ಆಗ ಅವಳ ಕಣ್ಣು ಅಯ್ಯಾಸಾಮಿಯ ಕೈಗಳ ಮೇಲೆ ಬಿತ್ತು. ಹಗ್ಗ ಹಿಡಿದು ಕಾಯಿಕಟ್ಟಿದ ಆ ಕೈಗಳು ಅಂಗಿಯ ತುದಿಯನ್ನು ಹಿಂಡುತ್ತಿದ್ದವು. ಅವನು ಈ ಜಾಗ ಕೇಳಿ ಪಡೆದವನಲ್ಲ. ನಿಲ್ಲು ಅಂದರು, ನಿಂತಿದ್ದ. ಅವಳನ್ನು ಕೂರು ಅಂದಿದ್ದರು, ಅವಳು ಕೂತೂ ಮನಸ್ಸಿನಲ್ಲಿ ಕೂತಿರಲಿಲ್ಲ.

ರಾಹೇಲಮ್ಮ ಏಳಲಿಲ್ಲ. ಕೂತಲ್ಲಿಂದಲೇ, ಹಾಡದೆ, ಮಾತಿನ ಹಾಗೆ ಆ ಸಾಲನ್ನು ಹೇಳಿದಳು. ಅಯ್ಯಾಸಾಮಿ ಅದನ್ನು ಹಿಡಿದುಕೊಂಡು ತನ್ನ ಮಟ್ಟದಲ್ಲಿ ಹಾಡಿದ. ಸಭೆ ತೆಗೆದುಕೊಂಡಿತು. ಮುಂದಿನ ಸಾಲನ್ನೂ ಹೇಳಿದಳು. ಹೀಗೆಯೇ ಕೀರ್ತನೆ ಮುಗಿಯಿತು.

ಊಟದ ಹೊತ್ತಿಗೆ ಪಾದ್ರಿಯವರು, "ನಿಮ್ಮ ಸಭೆ ಚೆನ್ನಾಗಿ ಹಾಡುತ್ತೆ," ಎಂದರು. ಪಾತ್ರೆಗೆ ಬೂದಿ ಹಾಕಿ ಉಜ್ಜುತ್ತಿದ್ದ ರಾಹೇಲಮ್ಮ ತನ್ನ ಹೆಸರು ಬರುವುದೇನೋ ಎಂದು ಕೈ ನಿಲ್ಲಿಸಿದಳು. ಉಪದೇಶಿ, "ಆಮಾಂಗಯ್ಯಾ, ಹೌದು, ಎಲ್ಲರೂ ಹಾಡ್ತಾರೆ," ಎಂದರು. ಅವಳು ಮತ್ತೆ ಉಜ್ಜತೊಡಗಿದಳು.

ಎಲ್ಲರೂ ಹೋದ ಮೇಲೆ ಅಯ್ಯಾಸಾಮಿ ತಲೆ ತಗ್ಗಿಸಿಕೊಂಡು ಬಂದ. "ಅಕ್ಕಾ, ನನ್ನಿಂದ ಆಗಲ್ಲ. ಮಾನ ಹೋಯ್ತು. ನಾನೇ ಉಪದೇಶಿಯಾರಿಗೆ ಹೇಳ್ತೀನಿ, ಮೊದಲಿನ ಹಾಗೆ ನೀವೇ ಎತ್ತಿ."

ಕೇಳಬೇಕೆಂದು ಅವಳು ತಿಂಗಳುಗಟ್ಟಲೆ ಕಾದಿದ್ದ ಮಾತು ಅದು. ಕೈಗೆ ಅಂಟಿದ ಬೂದಿಯನ್ನು ತೊಳೆದುಕೊಂಡಳು, ಸೆರಗಿಗೆ ಒರೆಸಿಕೊಂಡಳು.

"ನಾಳೆ ಎತ್ತು ಕಟ್ಟಿ ಹಾಕಿ ಮನೆಗೆ ಬಾ," ಎಂದಳು. "ಆ ನಾಲ್ಕನೇ ಚರಣ ಹೇಳಿಕೊಡ್ತೀನಿ. ಮಿಕ್ಕ ಹಾಡುಗಳನ್ನೂ ಕಲಿತುಬಿಡು. ನಾನು ಎಷ್ಟು ದಿನ ಇರ್ತೀನೋ."

ಅಯ್ಯಾಸಾಮಿ ಬಂದ. ಮಾಸಿಲಾಮಣಿ ಹೊರಗೆ ಹಗ್ಗದ ಮಂಚದ ಮೇಲೆ ಬೀಡಿ ಸೇದುತ್ತಾ ಕೂತಿದ್ದ. ಒಳಗೆ ರಾಹೇಲಮ್ಮ ಮೊದಲ ಸಾಲನ್ನು ಅಯ್ಯಾಸಾಮಿಗೆ ಒಗ್ಗುವ ಹಾಗೆ ತಗ್ಗಿನಲ್ಲಿ ಹಿಡಿದಳು. ಅಷ್ಟು ಕೆಳಗೆ ಅವಳು ಯಾವತ್ತೂ ಹಾಡಿದವಳಲ್ಲ. ದನಿ ಒಡೆದು ಗೊರಗೊರ ಅಂದಿತು.

"ಯಾರದು ಒಳಗೆ, ಎಮ್ಮೆ ನುಗ್ಗಿದ್ಯಾ?" ಎಂದ ಮಾಸಿಲಾಮಣಿ.

ಅಯ್ಯಾಸಾಮಿ ನಗು ತಡೆಯುವುದಕ್ಕೆ ಗೋಡೆಯ ಕಡೆ ಮುಖ ತಿರುಗಿಸಿದ. ರಾಹೇಲಮ್ಮ ಕೆಮ್ಮಿ ಗಂಟಲು ಸರಿಮಾಡಿಕೊಂಡು, ಇನ್ನೊಂದು ಸಲ ಕೆಳಗಿನಿಂದಲೇ ಹಿಡಿದಳು.